ಟ್ರಾವೆಲ್ ಇ-ಸಿಮ್ ಹಾಕಿದೆ, 'ನೋ ಸರ್ವಿಸ್' ಅಂತಿದೆ. ಹೊರಡುವ ಮುಂಚೆ ಏನು ಸರಿ ಮಾಡಿಕೊಳ್ಳಬೇಕು?

ಮೊದಲಸಲ:
ಮುಂದಿನ ವಾರ ವಿದೇಶಕ್ಕೆ ಹೊರಡಬೇಕು. ಆನ್‌ಲೈನಲ್ಲಿ ಟ್ರಾವೆಲ್ ಇ-ಸಿಮ್ (ಪ್ಲಾಸ್ಟಿಕ್ ಕಾರ್ಡ್ ಇಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್) ಕೊಂಡು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಹಾಕಿದೆ. ಸೆಟ್ಟಿಂಗ್ಸ್‌ನಲ್ಲಿ ಎರಡನೇ ಲೈನ್ ಕಾಣಿಸುತ್ತಿದೆ, ಆದರೆ ಬರೀ 'ನೋ ಸರ್ವಿಸ್'. ಫೋನ್ ರೀಸ್ಟಾರ್ಟ್ ಮಾಡಿದರೂ ಅಷ್ಟೇ. ಡಿಲೀಟ್ ಮಾಡಿ ಮತ್ತೆ ಸ್ಕ್ಯಾನ್ ಮಾಡಲಾ? ಇನ್ನೊಂದು ತಲೆನೋವು ಬ್ಯಾಂಕಿನ ಒಟಿಪಿಯದ್ದು. ಎಲ್ಲಾ ಹಳೆ ನಂಬರಿಗೇ ಬರುತ್ತದೆ. ಆ ಸಿಮ್ ಆನ್ ಇಟ್ಟರೆ ಬಿಲ್ ಎಷ್ಟಾಗುತ್ತೋ ಅಂತ ಭಯ, ಆಫ್ ಮಾಡಿದರೆ ಒಟಿಪಿ ಇಲ್ಲ. ಫೋನ್ ಆಂಡ್ರಾಯ್ಡ್.

ಟವರ್‌ಕೆಳಗೆ:
ದಯವಿಟ್ಟು ಡಿಲೀಟ್ ಮಾಡಬೇಡಿ! ಬಹಳಷ್ಟು ಟ್ರಾವೆಲ್ ಇ-ಸಿಮ್‌ಗಳ ಕ್ಯೂಆರ್ ಕೋಡ್ ಒಂದೇ ಸಲ ಕೆಲಸ ಮಾಡುವುದು. ಅಳಿಸಿದರೆ ಅದೇ ಕೋಡ್ ಮತ್ತೆ ಹಿಡಿಯುವುದಿಲ್ಲ. ಮಾರಿದವರ ಹತ್ತಿರ ಹೊಸದು ಕೇಳಬೇಕು, ಕೊಟ್ಟರೆ ಪುಣ್ಯ.

ನಿಮ್ಮ ಇ-ಸಿಮ್ ಕೆಟ್ಟಿಲ್ಲ. ಅದು ನೀವು ಹೋಗುವ ದೇಶಗಳ ನೆಟ್‌ವರ್ಕಿಗೆ ಮಾತ್ರ ಸೇರುತ್ತದೆ, ಈಗ ನೀವಿರುವ ದೇಶ ಅದರ ಪಟ್ಟಿಯಲ್ಲಿ ಇರಲಿಕ್ಕಿಲ್ಲ, ಹಾಗಾಗಿ ಪಕ್ಕದಲ್ಲೇ ಟವರ್ ಇದ್ದರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಲೈನ್ ಕಾಣಿಸುತ್ತಿದೆ ಅಂದರೆ ಇ-ಸಿಮ್ ಫೋನಿಗೆ ಇಳಿದಿದೆ ಅಂತಲೇ ಅರ್ಥ. ಮನೆಯಲ್ಲೇ ಹಾಕಿಕೊಂಡಿದ್ದು ಒಳ್ಳೆಯದಾಯಿತು. ಇಳಿಸಿಕೊಳ್ಳಲು ಇಂಟರ್ನೆಟ್ ಬೇಕು, ಕೆಲವು ವಿಮಾನ ನಿಲ್ದಾಣಗಳ ವೈಫೈ ಒಟಿಪಿ ಕೇಳುತ್ತದೆ, ಒಟಿಪಿ ಬರಲು ನೆಟ್‌ವರ್ಕ್ ಬೇಕು... ಗೊತ್ತಾಯ್ತಲ್ಲ.

ಒಂದು ವಿಷಯ ಮಾತ್ರ ನೋಡಿ. ಪ್ಲಾನಿನ ದಿನಗಳ ಲೆಕ್ಕ ಯಾವಾಗ ಶುರು? ಕೆಲವು ಕಂಪನಿಗಳದ್ದು ಅಲ್ಲಿನ ನೆಟ್‌ವರ್ಕಿಗೆ ಮೊದಲ ಸಲ ಸೇರಿದಾಗ ಶುರು, ಕೆಲವರದ್ದು ಫೋನಿಗೆ ಹಾಕಿದ ಕ್ಷಣದಿಂದಲೇ. ಬಂದಿರುವ ಇಮೇಲಿನಲ್ಲಿ ಬರೆದಿರುತ್ತದೆ.

ಒಟಿಪಿಗೆ ಹಳೆ ಸಿಮ್ ಆನ್ ಇರಲಿ, ಅದರ ಡೇಟಾ ರೋಮಿಂಗ್ (ಬೇರೆ ಕಂಪನಿಯ ನೆಟ್‌ವರ್ಕಿನಲ್ಲಿ ಇಂಟರ್ನೆಟ್ ಬಳಸುವುದು) ಆಫ್ ಇರಲಿ. ಮೊಬೈಲ್ ಡೇಟಾಗೆ ಇ-ಸಿಮ್ ಆರಿಸಿ. ಆಮೇಲೆ 'ಡೇಟಾ ತಾನಾಗಿ ಬದಲಾಯಿಸು' ಅನ್ನುವ ಥರ ಒಂದು ಆಯ್ಕೆ ಇರುತ್ತದೆ, ಹೆಸರು ಫೋನಿನಿಂದ ಫೋನಿಗೆ ಬೇರೆ. ಅದನ್ನು ಆಫ್ ಮಾಡಿ. ಇಲ್ಲದಿದ್ದರೆ ಇ-ಸಿಮ್‌ಗೆ ಸಿಗ್ನಲ್ ಕಮ್ಮಿಯಾದಾಗ ಫೋನ್ ನಿಮ್ಮನ್ನು ಕೇಳದೆ ಹಳೆ ಸಿಮ್‌ನ ಡೇಟಾಗೆ ಹಾರಲು ನೋಡುತ್ತದೆ. ಬರುವ ಎಸ್ಸೆಮ್ಮೆಸ್‌ಗೆ ರೋಮಿಂಗಿನಲ್ಲಿ ಸಾಮಾನ್ಯವಾಗಿ ದುಡ್ಡು ಇರುವುದಿಲ್ಲ, ಆದರೂ ನಿಮ್ಮ ಪ್ಲಾನಿನ ದರಪಟ್ಟಿ ಒಮ್ಮೆ ನೋಡಿ.

ಮೊದಲಸಲ:
ಸರಿ, ಡಿಲೀಟ್ ಮಾಡಲಿಲ್ಲ. ಪ್ಲಾನ್ ಅಲ್ಲಿ ಸೇರಿದ ಮೇಲೆ ಶುರು ಅಂತ ಇದೆ. ಹಳೆ ನಂಬರಿಗೆ ಕರೆ ಬಂದರೆ? ಎತ್ತದೆ ಸುಮ್ನೆ ಬಿಟ್ಟರೆ ದುಡ್ಡು ಹೋಗುವುದಿಲ್ಲ ಅಲ್ವಾ?

ಟವರ್‌ಕೆಳಗೆ:
ಕಾಲ್ ಫಾರ್ವರ್ಡಿಂಗ್ (ಕರೆಯನ್ನು ಬೇರೆ ನಂಬರಿಗೆ ಕಳಿಸುವುದು) ಅಥವಾ ವಾಯ್ಸ್‌ಮೇಲ್ (ಎತ್ತದ ಕರೆಯ ಸಂದೇಶ ರೆಕಾರ್ಡ್ ಮಾಡಿಕೊಳ್ಳುವ ಸೇವೆ) ಇಲ್ಲದಿದ್ದರೆ ಹೋಗುವುದಿಲ್ಲ. ಇದ್ದರೆ ಎತ್ತದಿದ್ದರೂ ಹೋಗಬಹುದು. ಕರೆ ಮೊದಲು ನೀವಿರುವ ದೇಶಕ್ಕೆ ಬರುತ್ತದೆ, ಫೋನ್ ರಿಂಗ್ ಆಗುತ್ತದೆ, ನೀವು ಎತ್ತುವುದಿಲ್ಲ, ಆಗ ಅದನ್ನು ಅಲ್ಲಿಂದ ವಾಪಸ್ ನಿಮ್ಮ ದೇಶದ ವಾಯ್ಸ್‌ಮೇಲ್‌ಗೆ ಕಳಿಸಲಾಗುತ್ತದೆ. ಕೆಲವು ಕಂಪನಿಗಳ ಲೆಕ್ಕದಲ್ಲಿ ಇದು ನಿಮಗೆ ಬಂದ ಒಂದು ಕರೆ, ನೀವು ಮಾಡಿದ ಒಂದು ಅಂತರರಾಷ್ಟ್ರೀಯ ಕರೆ, ಎರಡಕ್ಕೂ ದುಡ್ಡು. ನೀವು ಫೋನ್ ಮುಟ್ಟಿಯೂ ಇರುವುದಿಲ್ಲ. ಫೋನ್ ಆಫ್ ಇದ್ದರೆ ಈ ಸುತ್ತು ಇಲ್ಲ, ಕರೆ ನಿಮ್ಮ ದೇಶದಲ್ಲೇ ವಾಯ್ಸ್‌ಮೇಲ್‌ಗೆ ಹೋಗುತ್ತದೆ.

ಹೊರಡುವ ಮುಂಚೆ ಹಳೆ ಸಿಮ್‌ನಿಂದ ##002# ಡಯಲ್ ಮಾಡಿ. ಬಹುತೇಕ ನೆಟ್‌ವರ್ಕ್‌ಗಳಲ್ಲಿ ಇದು ಎಲ್ಲಾ ಫಾರ್ವರ್ಡಿಂಗ್ ಅನ್ನೂ ಒಟ್ಟಿಗೆ ತೆಗೆದುಹಾಕುತ್ತದೆ. ಬಂದ ಮೇಲೆ ಬೇಕಿದ್ದರೆ ಮತ್ತೆ ಹಾಕಿಕೊಳ್ಳಿ.

ಅಲೆಮಾರಿ:
ಇಷ್ಟೆಲ್ಲಾ ಯಾಕೆ ಅಂತ ನನಗೆ ಅರ್ಥ ಆಗುವುದಿಲ್ಲ. ಅಲ್ಲಿಗೆ ಹೋಗಿ ಲೋಕಲ್ ಸಿಮ್ ತಗೊಳ್ಳಿ. ಸ್ಥಳೀಯ ನಂಬರ್ ಸಿಗುತ್ತದೆ, ಟ್ಯಾಕ್ಸಿಯವರು ಫೋನ್ ಮಾಡಬಹುದು, ಟ್ರಾವೆಲ್ ಇ-ಸಿಮ್‌ಗಳಲ್ಲಿ ಹೆಚ್ಚಿನವು ಡೇಟಾ ಮಾತ್ರ.

ಆದರೆ ಯಾವುದೇ ಸಿಮ್ ಆದರೂ ಫೋನ್ ಒಂದೇ ಕಂಪನಿಯ ಸಿಮ್‌ಗೆ ಲಾಕ್ ಆಗಿರಬಾರದು. ಕಂತಿನಲ್ಲಿ ಅಥವಾ ಮೊಬೈಲ್ ಕಂಪನಿಯಿಂದಲೇ ಕೊಂಡ ಫೋನ್ ಆದರೆ ಖಂಡಿತಾ ಪರೀಕ್ಷೆ ಮಾಡಿ. ಬೇರೆ ಕಂಪನಿಯ ಸಿಮ್ ಒಂದನ್ನು ಗೆಳೆಯರಿಂದ ಇಸ್ಕೊಂಡು ಹಾಕಿ ನೋಡಿ, ಸಿಗ್ನಲ್ ಹಿಡಿದರೆ ಲಾಕ್ ಇಲ್ಲ. ಲಾಕ್ ತೆಗೆಸುವುದು ಊರಲ್ಲಿದ್ದಾಗ ಸುಲಭ, ಅಲ್ಲಿಂದ ಕಸ್ಟಮರ್ ಕೇರ್ ಹಿಡಿಯುವುದು ನರಕ.

ಇನ್ನೊಂದು, ಅಮೆರಿಕದ ದೊಡ್ಡ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿಬಿಟ್ಟವು. ನಿಮ್ಮ ಫೋನಿನ ವಿಓಎಲ್‌ಟಿಇಗೆ (4ಜಿ ಮೂಲಕ ಕರೆ ಮಾಡುವ ವ್ಯವಸ್ಥೆ) ಅಲ್ಲಿನ ನೆಟ್‌ವರ್ಕ್ ಒಪ್ಪದಿದ್ದರೆ ಇಂಟರ್ನೆಟ್ ಓಡುತ್ತದೆ, ಮಾಮೂಲಿ ಕರೆ ಮಾತ್ರ ಹೋಗುವುದೇ ಇಲ್ಲ. ಜನ ಸಿಮ್ ಕೆಟ್ಟಿದೆ ಅಂದುಕೊಳ್ಳುತ್ತಾರೆ.

ಟವರ್‌ಕೆಳಗೆ:
ಜಾಸ್ತಿ ದಿನ ಒಂದೇ ದೇಶದಲ್ಲಿ ಇರುವವರಿಗೆ ಲೋಕಲ್ ಸಿಮ್ ಸರಿ, ಒಪ್ಪುತ್ತೇನೆ. ಆದರೆ ಹಲವು ದೇಶಗಳಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಕೊಟ್ಟು ನೋಂದಣಿ ಮಾಡಿಸಬೇಕು. ಟರ್ಕಿಯಲ್ಲಂತೂ ಅಲ್ಲಿನ ಸಿಮ್ ಹಾಕಿದ ಹೊರದೇಶದ ಫೋನನ್ನು ನೋಂದಣಿ ಮಾಡಿಸದಿದ್ದರೆ 120 ದಿನ ಆದ ಮೇಲೆ ಬ್ಲಾಕ್ ಆಗುತ್ತದೆ. ಅಮೆರಿಕದಲ್ಲಿ ಮಾರುವ ಐಫೋನ್ 14 ಮತ್ತು ಅದರ ನಂತರದವುಗಳಲ್ಲಿ ಸಿಮ್ ಟ್ರೇಯೇ ಇಲ್ಲ, ಅಂಥ ಫೋನಿಗೆ ಅಂಗಡಿಯ ಪ್ಲಾಸ್ಟಿಕ್ ಸಿಮ್ ಎಲ್ಲಿ ತುರುಕುತ್ತೀರಿ?

ಯುರೋಪಿಗೆ ಹೋಗುವವರಿಗೂ ಒಂದು ಮಾತು. 2017ರ ಜೂನ್ 15ರಿಂದ ಐರೋಪ್ಯ ಒಕ್ಕೂಟದ ಒಂದು ದೇಶದ ಸಿಮ್ ಒಕ್ಕೂಟದ ಬೇರೆ ದೇಶಗಳಲ್ಲೂ ಊರಿನ ದರದಲ್ಲೇ ನಡೆಯುತ್ತದೆ, ಮಿತಿಗಳಿವೆ ಅಷ್ಟೇ. ಸ್ವಿಟ್ಜರ್‌ಲೆಂಡ್ ಆ ನಿಯಮದಲ್ಲಿ ಇಲ್ಲ. ರೈಲಿನಲ್ಲಿ ಗಡಿ ದಾಟಿದ್ದು ಗೊತ್ತಾಗುವ ಮೊದಲೇ ಫೋನ್ ಸ್ವಿಸ್ ನೆಟ್‌ವರ್ಕ್ ಹಿಡಿದಿರುತ್ತದೆ.

ಮೊದಲಸಲ:
ಬಂದಿಳಿದೆ. ಇ-ಸಿಮ್ ನೆಟ್‌ವರ್ಕ್ ಹಿಡಿದಿದೆ, ಸಿಗ್ನಲ್ ಕಡ್ಡಿ ತುಂಬಾ ಇವೆ, ಇಂಟರ್ನೆಟ್ ಮಾತ್ರ ಶೂನ್ಯ. ಈಗ ಹೋಟೆಲಿನ ವೈಫೈನಿಂದ ಬರೆಯುತ್ತಿದ್ದೇನೆ. ಹಳೆ ಸಿಮ್‌ನಲ್ಲಿ 'ತುರ್ತು ಕರೆ ಮಾತ್ರ' ಅಂತಿದೆ. ಡೇಟಾ ರೋಮಿಂಗ್ ಎರಡರಲ್ಲೂ ಆಫ್ ಇದೆ.

ಟವರ್‌ಕೆಳಗೆ:
ಇ-ಸಿಮ್ ಲೈನಿನಲ್ಲಿ ಡೇಟಾ ರೋಮಿಂಗ್ ಆನ್ ಮಾಡಿ. ಹಳೆಯದರಲ್ಲಿ ಆಫೇ ಇರಲಿ. ಟ್ರಾವೆಲ್ ಇ-ಸಿಮ್‌ಗಳನ್ನು ಸಾಮಾನ್ಯವಾಗಿ ಮೂರನೇ ಯಾವುದೋ ದೇಶದ ಕಂಪನಿ ಕೊಟ್ಟಿರುತ್ತದೆ. ನೀವು ಎಲ್ಲೇ ಇರಿ, ಫೋನಿನ ಕಣ್ಣಿಗೆ ಅದು ರೋಮಿಂಗೇ. ದುಡ್ಡು ಮೊದಲೇ ಕಟ್ಟಿರುವುದರಿಂದ ಬಿಲ್ ಭಯ ಬೇಡ.

ಆದರೂ ಬರದಿದ್ದರೆ ಎಪಿಎನ್ (ಸಿಮ್ ಇಂಟರ್ನೆಟ್ಟಿಗೆ ಯಾವ ದಾರಿಯಲ್ಲಿ ಸೇರಬೇಕು ಅಂತ ಹೇಳುವ ಸೆಟ್ಟಿಂಗ್) ನೋಡಿ. ಇಮೇಲಿನಲ್ಲಿ ಒಂದು ಸಣ್ಣ ಹೆಸರು ಕೊಟ್ಟಿರುತ್ತಾರೆ, ಅದನ್ನು ಇ-ಸಿಮ್‌ನ ಎಪಿಎನ್ ಜಾಗದಲ್ಲಿ ಅಕ್ಷರಕ್ಕೆ ಅಕ್ಷರ ಹಾಗೇ ಬರೆದು ಸೇವ್ ಮಾಡಿ, ಏರೋಪ್ಲೇನ್ ಮೋಡ್ ಒಮ್ಮೆ ಆನ್ ಮಾಡಿ ಆಫ್ ಮಾಡಿ.

ಹಳೆ ಸಿಮ್‌ನದ್ದು ಬೇರೆ ಕಥೆ. ಡೇಟಾ ರೋಮಿಂಗ್ ಆಫ್ ಇದ್ದರೂ ಎಸ್ಸೆಮ್ಮೆಸ್ ಬರಲೇಬೇಕು. ಕಂಪನಿಯ ಕಡೆಯಿಂದಲೇ ಅಂತರರಾಷ್ಟ್ರೀಯ ರೋಮಿಂಗ್ ಸೇವೆ ಬಂದ್ ಇರಬಹುದು, ಅದು ಫೋನಿನ ಸೆಟ್ಟಿಂಗ್ ಅಲ್ಲ. ವೈಫೈ ಇದೆಯಲ್ಲ, ಅವರ ಆ್ಯಪ್ ತೆಗೆದು ನೋಡಿ. ಅದು ಆನ್ ಇದ್ದರೆ ನೆಟ್‌ವರ್ಕ್ ಆಯ್ಕೆಯನ್ನು ಮ್ಯಾನ್ಯುಯಲ್ ಮಾಡಿ, ಪಟ್ಟಿಯಲ್ಲಿ ಬರುವ ಕಂಪನಿಗಳನ್ನು ಒಂದೊಂದಾಗಿ ಹಿಡಿದು ನೋಡಿ. ಎಲ್ಲರ ಜೊತೆಯೂ ನಿಮ್ಮ ಕಂಪನಿಗೆ ಒಪ್ಪಂದ ಇರುವುದಿಲ್ಲ.

ಮೊದಲಸಲ:
ರೋಮಿಂಗ್ ಆನ್ ಮಾಡಿದ ಕೂಡಲೇ ಇಂಟರ್ನೆಟ್ ಬಂತು, ಎಪಿಎನ್ ಮುಟ್ಟಲೇ ಇಲ್ಲ. ಹಳೆ ಸಿಮ್‌ನದ್ದು ಆ್ಯಪಿನಲ್ಲಿ ರೋಮಿಂಗ್ ಸೇವೆ ಆಫ್ ಇತ್ತು. ಆನ್ ಮಾಡಿ ಸ್ವಲ್ಪ ಹೊತ್ತು ಕಾದರೂ ಬರಲಿಲ್ಲ, ಆಮೇಲೆ ಮ್ಯಾನ್ಯುಯಲ್‌ನಲ್ಲಿ ಇನ್ನೊಂದು ಕಂಪನಿ ಆರಿಸಿದಾಗ ಸೇರಿಕೊಂಡಿತು. ಬೆಳಗ್ಗೆಯಿಂದ ಸಿಕ್ಕಿಹಾಕಿಕೊಂಡಿದ್ದ ಒಟಿಪಿಗಳೆಲ್ಲಾ ಸಾಲಾಗಿ ಬಂದವು, ಒಂದೂ ಈಗ ಕೆಲಸಕ್ಕೆ ಬಾರದ್ದು. ಹೊಸದು ತರಿಸಿಕೊಂಡೆ, ಬಂತು. ಇಬ್ಬರಿಗೂ ತುಂಬಾ ಥ್ಯಾಂಕ್ಸ್!

ಅಲೆಮಾರಿ:
ಇಲ್ಲಿಂದ ಇನ್ನೊಂದು ದೇಶಕ್ಕೆ ಹೋಗುತ್ತೀರಾದರೆ ಹಳೆ ಸಿಮ್‌ನ ನೆಟ್‌ವರ್ಕ್ ಆಯ್ಕೆಯನ್ನು ಮತ್ತೆ ಆಟೋಮ್ಯಾಟಿಕ್ ಮಾಡಿ. ಇಲ್ಲದಿದ್ದರೆ ಅದು ಅಲ್ಲಿಯೂ ಈ ದೇಶದ ಕಂಪನಿಯನ್ನೇ ಹುಡುಕುತ್ತಾ ಕೂರುತ್ತದೆ, ಬ್ಯಾಟರಿಯೂ ಬೇಗ ಖಾಲಿ. ಮತ್ತು ನಿಮ್ಮ ಇ-ಸಿಮ್ ಪಟ್ಟಿಯಲ್ಲಿ ಆ ದೇಶ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ.

ಮೊದಲಸಲ:
ಪಟ್ಟಿಯಲ್ಲಿ ಇದೆ. ಆಟೋಮ್ಯಾಟಿಕ್ ಮಾಡುವುದನ್ನು ವಿಮಾನ ಹತ್ತುವ ಮುಂಚೆ ಮಾಡುತ್ತೇನೆ, ಈಗಲೇ ಮಾಡಿದರೆ ಹಿಡಿದಿರುವುದೂ ಕೈಬಿಟ್ಟೀತು.