ವೀರ್ಯಾಣುವಿನ ತಲೆಯ ಆಕಾರ ಕುರಿತ ಪ್ರಯೋಗಕ್ಕೆ ಸಹಾಯ ಬೇಕು

ಬಳಗದ ಹಿರಿಯರಿಗೂ ಸ್ನೇಹಿತರಿಗೂ ನಮಸ್ಕಾರ. ನಾನು ಧಾರವಾಡದಲ್ಲಿ ಪ್ರಾಣಿಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿನಿ. ವೃಷಣದಲ್ಲಿ ದುಂಡಗಿರುವ ಎಳೆಯ ಕೋಶ ವೀರ್ಯಾಣುವಿನ ಆಕಾರ ಪಡೆಯುವ ಹಂತವನ್ನು ಕಿರುಯೋಜನೆಗಾಗಿ ಆಯ್ದುಕೊಂಡಿದ್ದೇನೆ.

ಈ ಹಂತದಲ್ಲಿ ಕೋಶಕೇಂದ್ರದ ಸುತ್ತ ಮೈಕ್ರೋಟ್ಯೂಬ್ಯೂಲ್‌ಗಳೆಂಬ ಸೂಕ್ಷ್ಮ ನಳಿಕೆಗಳಿಂದಾದ, ಲಂಗದಂತೆ ಇಳಿಬಿದ್ದ ಮ್ಯಾಂಚೆಟ್ ಎಂಬ ತಾತ್ಕಾಲಿಕ ರಚನೆ ಮೂಡುತ್ತದೆ. ಕೋಶಕೇಂದ್ರ ಪೊರೆಯ ಒಳಪದರದ ಸನ್-3, ಸನ್-4 ಪ್ರೋಟೀನ್‌ಗಳು ಹೊರಪದರದ ನೆಸ್ಪ್ರಿನ್-1ರೊಂದಿಗೆ ಕೂಡಿ ಅದನ್ನು ಪೊರೆಗೆ ಬಂಧಿಸುತ್ತವೆ. ಸನ್-4 ಇಲ್ಲದ ಗಂಡಿಲಿಗಳಲ್ಲಿ ಮ್ಯಾಂಚೆಟ್ ಅಸ್ತವ್ಯಸ್ತಗೊಂಡು, ಕೊಕ್ಕೆಯಂತಾಗಬೇಕಿದ್ದ ತಲೆ ದುಂಡಗೇ ಉಳಿದು, ಅವು ಸಂತಾನಹೀನವಾಗುತ್ತವೆಂದು 2015ರಲ್ಲಿ ವರದಿಯಾಯಿತು. ಮನುಷ್ಯರಲ್ಲಿ ದುಂಡುತಲೆಯ ವೀರ್ಯಾಣುಗಳಿಗೆ ಹೆಚ್ಚಾಗಿ ಕಾರಣವಾಗುವುದು ಡಿಪಿವೈ19ಎಲ್2 ಎಂಬ ಬೇರೆಯದೇ ಪ್ರೋಟೀನಿನ ಕೊರತೆ. ಅದು ಆಕ್ರೋಸೋಮನ್ನು (ವೀರ್ಯಾಣುವಿನ ತಲೆಯ ಮೇಲೆ ಟೋಪಿಯಂತಿರುವ ಚೀಲ) ಕೋಶಕೇಂದ್ರಕ್ಕೆ ಅಂಟಿಸಿಡುವಂಥದು, ಆದ್ದರಿಂದ ಇವೆರಡನ್ನೂ ಒಂದೇ ದೋಷವೆಂದು ಬೆರೆಸಬಾರದೆಂಬುದು ನನ್ನ ಅಭಿಪ್ರಾಯ.

ನಮ್ಮಲ್ಲಿರುವುದು ಹೆಮಟಾಕ್ಸಿಲಿನ್-ಇಯೋಸಿನ್ ಬಣ್ಣ ಮಾತ್ರ. ಅದರಲ್ಲಿ ತಲೆಯ ಆಕಾರ ಕಾಣುತ್ತದೆಯೇ ಹೊರತು ಮ್ಯಾಂಚೆಟ್ ಎದ್ದು ಕಾಣುವುದಿಲ್ಲ. ಹುಬ್ಬಳ್ಳಿ-ಧಾರವಾಡದಲ್ಲಾಗಲಿ ಗದಗಿನಲ್ಲಾಗಲಿ, ಮ್ಯಾಂಚೆಟ್ಟನ್ನು ಹೊಳೆಯುವ ಬಣ್ಣದಿಂದ ಗುರುತಿಸಿ ನೋಡಬಲ್ಲ ಫ್ಲೋರೆಸೆನ್ಸ್ ಮೈಕ್ರೋಸ್ಕೋಪ್ ಬಳಸಲು ಅವಕಾಶ ಕೊಡಬಲ್ಲ ಪ್ರಯೋಗಾಲಯವಿದ್ದರೆ ದಯವಿಟ್ಟು ತಿಳಿಸಿರಿ. ಜೊತೆಗೆ, ಮಾಂಸದಂಗಡಿಯಿಂದ ತಂದ ಹೋತದ ವೃಷಣವನ್ನೇ (ಇಲಿಗಳಿಗಾದರೆ ಅನುಮತಿಯ ಕಾಗದಪತ್ರವೇ ದೊಡ್ಡ ಕೆಲಸ) ಬಳಸಲಿರುವುದರಿಂದ, ಅಂಥ ಅಂಗಾಂಶದಲ್ಲಿ ಆಲ್ಫಾ-ಟ್ಯೂಬುಲಿನ್ (ಮೈಕ್ರೋಟ್ಯೂಬ್ಯೂಲ್‌ಗಳ ಪ್ರೋಟೀನ್) ಗುರುತಿಸುವ ಪ್ರತಿಕಾಯವನ್ನು ಬಳಸಿ ಅನುಭವವುಳ್ಳವರು, ಅಂಗಾಂಶವನ್ನು ಕೆಡದಂತೆ ಬೌಯಿನ್ ದ್ರಾವಣದಲ್ಲಿ ಇಡಬೇಕೋ ಪ್ಯಾರಾಫಾರ್ಮಾಲ್ಡಿಹೈಡ್‌ನಲ್ಲೋ ಎಂಬುದನ್ನು ಹೇಳಿದರೆ ಉಪಕಾರವಾಗುತ್ತದೆ. ರಾಸಾಯನಿಕಗಳ ಖರ್ಚನ್ನು ನಾನೇ ಭರಿಸುತ್ತೇನೆ.