ಬಂಪರ್ ಬಿಚ್ಚಿ ಹಾಕಿದ ಮೇಲೆ ಹೆಡ್‌ಲೈಟ್ ಮರ ನೋಡ್ತಿದೆ!

ಪ್ರಶ್ನೆ: ಅಣ್ಣಾ, ಹೋದ ತಿಂಗಳು ಕಾರಿನ ಬಂಪರ್ ರಿಪೇರಿ ಮಾಡಿಸಿದೆ, ಎಡಗಡೆ ಹೆಡ್‌ಲೈಟ್ ಬಲ್ಬನ್ನೂ ಬದಲಾಯಿಸಿದ್ರು (ಎಚ್‌4, ಡಿಮ್ ಬ್ರೈಟ್ ಎರಡೂ ಒಂದರಲ್ಲೇ ಇರೋ ಬಲ್ಬು). ಆವತ್ತಿಂದ ಆ ಕಡೆಯ ಡಿಮ್ ಲೈಟು ರಸ್ತೆ ಬಿಟ್ಟು ಮರದ ಕೊಂಬೆ ತೋರಿಸ್ತಿದೆ. ಮೊನ್ನೆ ರಾತ್ರಿ ಶಿರಾಡಿ ಘಾಟಿಯಲ್ಲಿ ಎದುರು ಬಂದವರೆಲ್ಲ ಡಿಪ್ಪರ್ ಹೊಡೆದದ್ದೇ ಹೊಡೆದದ್ದು. ಲ್ಯಾಂಪಿನ ಹಿಂದೆ ಬೆಳಕನ್ನ ಮೇಲೆ ಕೆಳಗೆ ಮಾಡೋ ಸ್ಕ್ರೂ ಇರುತ್ತಲ್ಲ, ಅದನ್ನ ನಾನೇ ತಿರುಗಿಸಬಹುದಾ?

ಉತ್ತರ: ತಿರುಗಿಸಬಹುದು, ಆದ್ರೆ ಈಗಲೇ ಬೇಡ. ಮೊದಲು ಬಲ್ಬು ಸರಿಯಾಗಿ ಕೂತಿದೆಯಾ ನೋಡಿ. ಎಚ್‌4 ಬಲ್ಬಿಗೆ ಮೂರು ಕಿವಿ ಇರ್ತವೆ, ಅಗಲವಾದ ಕಿವಿ ಮೇಲೆ ಬರಬೇಕು. ಡಿಮ್ ಫಿಲಮೆಂಟಿನ ಕೆಳಗೆ ಒಂದು ಪುಟ್ಟ ಲೋಹದ ತಟ್ಟೆ ಇರುತ್ತೆ. ಬೆಳಕು ಮೇಲಕ್ಕೆ ಹಾರದಂತೆ ತಡೆಯೋದು ಅದೇ. ಬಲ್ಬು ಓರೆ ಕೂತ್ರೆ ತಟ್ಟೆಯೂ ಓರೆ, ಬೆಳಕು ಚೆಲ್ಲಾಪಿಲ್ಲಿ. ಬಿಸಿ ಆರಿದ ಮೇಲೆ ತೆಗೆಯಿರಿ, ಗಾಜು ಮುಟ್ಟಬೇಡಿ.

ಆಮೇಲೆ ಇಡೀ ಲ್ಯಾಂಪನ್ನ ಹಿಡಿದು ಅಲ್ಲಾಡಿಸಿ. ಬಂಪರ್ ಬಿಚ್ಚುವಾಗ ಅದನ್ನ ಹಿಡಿದಿಡೋ ಪ್ಲಾಸ್ಟಿಕ್ ಕಿವಿ ಮುರಿದಿದ್ರೆ, ಇವತ್ತು ಸರಿ ಮಾಡಿದ್ದು ನಾಳೆ ಹಂಪ್ ಹಾರಿದ ಕೂಡಲೇ ಕೆಡುತ್ತೆ.

ಇವೆರಡೂ ಸರಿ ಇದ್ರೆ ಮಾತ್ರ ಗೋಡೆ ಹುಡುಕಿ. ಸಮತಟ್ಟು ಜಾಗ, ಟೈರಲ್ಲಿ ಸರಿಯಾದ ಗಾಳಿ, ಡಿಕ್ಕಿ ಖಾಲಿ, ಡ್ರೈವರ್ ಸೀಟಲ್ಲಿ ಒಬ್ಬರು. ಡ್ಯಾಶ್‌ಬೋರ್ಡಲ್ಲಿ ಹೆಡ್‌ಲೈಟನ್ನ ಮೇಲೆ ಕೆಳಗೆ ಮಾಡೋ ಪುಟ್ಟ ಲೆವೆಲ್ ಗಾಲಿ ಇದ್ರೆ ಅದನ್ನ 0ಗೆ ತನ್ನಿ. ಇದನ್ನ ಮರೆತವರೇ ಜಾಸ್ತಿ, 2ರಲ್ಲಿಟ್ಟು ಅಡ್ಜಸ್ಟ್ ಮಾಡಿ ಆಮೇಲೆ ನನಗೆ ಬೈತಾರೆ. ಗೋಡೆಗೆ ಮುಖ ಮಾಡಿ ಲ್ಯಾಂಪ್ 7.5 ಮೀಟರ್ ದೂರ ಇರೋ ಹಾಗೆ ನಿಲ್ಲಿಸಿ. ಲ್ಯಾಂಪಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರವೋ ಅಷ್ಟಕ್ಕೆ ಗೋಡೆ ಮೇಲೆ ಟೇಪ್ ಅಂಟಿಸಿ. ಲ್ಯಾಂಪಿನ ಮೇಲೋ ಬಾನೆಟ್ ಒಳಗೋ 1.0% ಅಥವಾ 1.3% ಅಂತ ಬರೆದಿರುತ್ತೆ, ಅಂದ್ರೆ ದೂರದ ನೂರಕ್ಕೆ ಅಷ್ಟು ಪಾಲು ಬೆಳಕು ಕೆಳಗಿಳಿಯಬೇಕು ಅಂತ. 1.0 ಇದ್ರೆ ಡಿಮ್ ಬೆಳಕಿನ ಮೇಲಂಚು ಟೇಪಿಗಿಂತ 7.5 ಸೆಂ.ಮೀ. ಕೆಳಗೆ, 1.3 ಇದ್ರೆ ಹೆಚ್ಚುಕಡಿಮೆ 10 ಸೆಂ.ಮೀ. ಕೆಳಗೆ ಬರಬೇಕು. ನಮ್ಮದು ಎಡಗಡೆ ಸಂಚಾರ, ಹಾಗಾಗಿ ಆ ಅಂಚು ಎಡಕ್ಕೆ ಮೇಲೇರಿರುತ್ತೆ. ಅದು ತಪ್ಪಲ್ಲ, ಸಮ ಮಾಡೋಕೆ ಹೋಗಬೇಡಿ. ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಗೋಡೆ ನೋಡಿ, ಮತ್ತೆ ಅರ್ಧ ಸುತ್ತು. ಸರಿ ಇರೋ ಬಲಗಡೆ ಲೈಟಿಗೆ ಬಟ್ಟೆ ಮುಚ್ಚಿದ್ರೆ ಅಂಚು ಸ್ಪಷ್ಟ ಕಾಣುತ್ತೆ, ಆದ್ರೆ ತುಂಬ ಹೊತ್ತು ಮುಚ್ಚಿಡಬೇಡಿ, ಬಟ್ಟೆ ಸುಟ್ಟೀತು.

ಇನ್ನೊಬ್ಬರು: ನಂದರಲ್ಲಿ ಅದೇ ಹಳೇ ಲ್ಯಾಂಪಿಗೆ ಎಲ್ಇಡಿ ಬಲ್ಬು ಹಾಕಿಸಿದೀನಿ. ಗೋಡೆ ಮೇಲೆ ಅಂಚೇ ಕಾಣ್ತಿಲ್ಲ, ಬರೀ ಬಿಳಿ ಮೋಡ.

ಉತ್ತರ: ಕಾಣೋದಿಲ್ಲ. ಒಳಗಿನ ಕನ್ನಡಿಯನ್ನ ಫಿಲಮೆಂಟ್ ಕೂರೋ ಜಾಗ ಲೆಕ್ಕ ಹಾಕಿ ಮಾಡಿರ್ತಾರೆ. ಬೆಳಕು ಬೇರೆ ಕಡೆಯಿಂದ ಹುಟ್ಟಿದ್ರೆ ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನ ಇಲ್ಲ. ಹಳೇ ಹ್ಯಾಲೊಜೆನ್ ಬಲ್ಬೇ ವಾಪಸ್ ಹಾಕಿ.

ಪ್ರಶ್ನೆ ಕೇಳಿದವರು: ಅಣ್ಣಾ, ಬಲ್ಬಿನ ಕಿವಿ ಕಚ್ಚಿಯೇ ಇರಲಿಲ್ಲ, ಸ್ಪ್ರಿಂಗ್ ಕ್ಲಿಪ್ ಒಂದು ಬದಿ ನೇತಾಡ್ತಿತ್ತು. ಕೂರಿಸಿ ಗೋಡೆಗೆ ಹಿಡಿದೆ, ಟೇಪಿಗಿಂತ 8 ಸೆಂ.ಮೀ. ಕೆಳಗೆ. ಲ್ಯಾಂಪಿನ ಮೇಲೆ 1.0% ಅಂತಿದೆ. ಸ್ಕ್ರೂ ಮುಟ್ಟಲಿಲ್ಲ.

ಉತ್ತರ: ಮುಟ್ಟಬೇಡಿ ಮತ್ತೆ!