ಅಮೆರಿಕದಲ್ಲಿ ನರ್ಸಿಂಗ್, ಪಿಎ ಓದೋಕೆ ಸೈನ್ಸ್ ಪ್ರಿರಿಕ್ವಿಸಿಟ್: ಕಡಿಮೆ ಖರ್ಚಲ್ಲಿ ಎಲ್ಲಿ, ಯಾವ ಕ್ರಮದಲ್ಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಪಿಯುಸಿ ಪಿಸಿಎಂಬಿ, ಆಮೇಲೆ ವಿಟಿಯುನಲ್ಲಿ ಬಿಇ. ಈಗ ಡಲ್ಲಾಸ್ ಹತ್ತಿರ ಎಚ್‌4 (ಎಚ್‌1ಬಿಯವರ ಅವಲಂಬಿತರ) ವೀಸಾದಲ್ಲಿದ್ದೇನೆ. ನರ್ಸಿಂಗ್ ಓದುವ ಆಸೆ, ಪಿಎ (ಫಿಸಿಷಿಯನ್ ಅಸಿಸ್ಟೆಂಟ್) ಮೇಲೂ ಒಂದು ಕಣ್ಣಿದೆ. ತೊಡಕೇನೆಂದರೆ ಮುಂದಿನ ವರ್ಷ ನಾವು ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಬಹುದು. ಪ್ರಿರಿಕ್ವಿಸಿಟ್, ಅಂದರೆ ಅಡ್ಮಿಷನ್‌ಗೂ ಮೊದಲು ಮುಗಿಸಿರಬೇಕಾದ ಅನಾಟಮಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ ಎಲ್ಲ ಇಲ್ಲೇ ಕಡಿಮೆ ಫೀಸಿಗೆ ಮುಗಿಸಿದರೆ ಅಲ್ಲಿ ನಡೆಯುತ್ತದೆಯೇ? ಬಿಇ ಕೆಮಿಸ್ಟ್ರಿ ಲೆಕ್ಕಕ್ಕೆ ಬರುತ್ತದೆಯೇ? ಆನ್‌ಲೈನ್ ಕೋರ್ಸ್‌ಗಳನ್ನು ನಂಬಬಹುದೇ? ತಿಳಿದವರು ದಯವಿಟ್ಟು ಹೇಳಿ.

ಹೂಸ್ಟನ್‌ನಿಂದ

ಟೆಕ್ಸಾಸ್‌ನಲ್ಲಿ ಇರುವಷ್ಟು ದಿನ ಕಮ್ಯೂನಿಟಿ ಕಾಲೇಜು (ಕಡಿಮೆ ಫೀಸಿನ ಸ್ಥಳೀಯ ಸರ್ಕಾರಿ ಕಾಲೇಜು) ಬಿಟ್ಟು ಬೇರೆ ಕಡೆ ನೋಡಬೇಡಿ. ಇಲ್ಲಿ ಕೋರ್ಸಿನ ಹೆಸರಿಗಿಂತ ನಂಬರ್ ಮುಖ್ಯ. ಕಮ್ಯೂನಿಟಿ ಕಾಲೇಜುಗಳಿಗೆಲ್ಲ ಒಂದೇ ನಂಬರ್ ಪದ್ಧತಿ: ಮೊದಲ ಅಂಕಿ ಎಷ್ಟನೇ ವರ್ಷದ ಕೋರ್ಸ್ ಅಂತ, ಎರಡನೆಯದು ಎಷ್ಟು ಕ್ರೆಡಿಟ್ ಅಂತ. ಬಯಾಲಜಿ 2401 ಅಂದರೆ ಎರಡನೇ ವರ್ಷದ, 4 ಕ್ರೆಡಿಟ್‌ನ ಅನಾಟಮಿ-ಫಿಸಿಯಾಲಜಿ ಮೊದಲ ಭಾಗ. 2402 ಎರಡನೇ ಭಾಗ. ಕೆಲವು ಕಾಲೇಜು ಇದನ್ನೇ ಪಾಠ 2301, ಲ್ಯಾಬ್ 2101 ಅಂತ ಒಡೆದು ಕೊಡುತ್ತವೆ. ಆಗ ಎರಡಕ್ಕೂ ಸೇರಬೇಕು. ಲ್ಯಾಬ್ ಬಿಟ್ಟು 2301 ಒಂದನ್ನೇ ಮುಗಿಸಿದರೆ ಅಡ್ಮಿಷನ್‌ನವರು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲ್ಲ.

ಜನ ಎಡವೋದು 2404 ಹತ್ತಿರ. ಅದೂ ಅನಾಟಮಿ-ಫಿಸಿಯಾಲಜಿಯೇ, 4 ಕ್ರೆಡಿಟ್, ಲ್ಯಾಬೂ ಇದೆ. ಆದರೆ ಇಡೀ ವಿಷಯವನ್ನು ಒಂದೇ ಸೆಮಿಸ್ಟರ್‌ಗೆ ಅದುಮಿದ್ದು. ಆರ್‌ಎನ್‌ಗೆ (ರಿಜಿಸ್ಟರ್ಡ್ ನರ್ಸ್ ಓದಿಗೆ) ಕೇಳುವ 2401-2402 ಜೋಡಿಯ ಜಾಗದಲ್ಲಿ ಇದು ನಿಲ್ಲಲ್ಲ. ಮೈಕ್ರೋದಲ್ಲೂ ಎರಡಿದೆ: 2420 ನರ್ಸಿಂಗ್ ಮತ್ತು ಅಲೈಡ್ ಹೆಲ್ತ್‌ನವರಿಗೆ, 2421 ಸೈನ್ಸ್ ಮೇಜರ್‌ಗಳಿಗೆ. ಕೆಮಿಸ್ಟ್ರಿ 1405, 1406 ಪರಿಚಯದ ಮಟ್ಟದ್ದು, 1411-1412 ಜನರಲ್ ಕೆಮಿಸ್ಟ್ರಿ. ನರ್ಸಿಂಗ್‌ಗೆ ಮಾತ್ರ ಆದರೆ 2420 ಮತ್ತು 1406 ಹೆಚ್ಚಿನ ಕಡೆ ಸಾಕು. ಪಿಎ ಆಸೆ ನಿಜವಾಗಿಯೂ ಇದ್ದರೆ 2421 ಮತ್ತು 1411-1412 ತಗೊಳ್ಳಿ. ಚಿಕ್ಕದನ್ನು ಮುಗಿಸಿ ಆಮೇಲೆ ದೊಡ್ಡದಕ್ಕೆ ಮತ್ತೆ ಫೀಸು ಕಟ್ಟೋದು ಯಾಕೆ? ಸ್ಟಾಟಿಸ್ಟಿಕ್ಸ್‌ಗೆ ಮ್ಯಾತ್ 1342, ಲೈಫ್‌ಸ್ಪ್ಯಾನ್ ಸೈಕಾಲಜಿಗೆ 2314.

ಫೀಸಿನ ವಿಷಯ. ಎಚ್‌4ನಲ್ಲಿ ಇದ್ದೇ ಓದಬಹುದು, ಎಫ್‌1 (ವಿದ್ಯಾರ್ಥಿ ವೀಸಾ)ಗೆ ಬದಲಾಯಿಸುವ ಅಗತ್ಯವಿಲ್ಲ. ಬದಲಾಯಿಸಿದರೆ ಪ್ರತಿ ಸೆಮಿಸ್ಟರ್ ಫುಲ್‌ಟೈಮ್ ಓದಲೇಬೇಕು, ಫೀಸೂ ಹೊರಗಿನವರ ರೇಟಿಗೆ ಹೋಗುತ್ತದೆ. ಎಚ್‌4ನವರಿಗೆ ಟೆಕ್ಸಾಸ್ ರೆಸಿಡೆನ್ಸಿ (ರಾಜ್ಯದವರ ಕಡಿಮೆ ಫೀಸಿನ ಅರ್ಹತೆ) ಸಿಗುತ್ತದೆ. 12 ತಿಂಗಳ ವಾಸಕ್ಕೆ ಸಾಕ್ಷಿಯಾಗಿ ಲೀಸ್, ಕರೆಂಟ್ ಬಿಲ್, ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಿ. ಕೌಂಟರ್‌ನಲ್ಲಿ ಕೂತವರಿಗೆ ಎಚ್‌4 ಗೊತ್ತಿಲ್ಲದೆ "ಇಂಟರ್‌ನ್ಯಾಷನಲ್ ಆಫೀಸ್‌ಗೆ ಹೋಗಿ" ಅಂತ ಕಳಿಸೋದು ಮಾಮೂಲು. ರೆಸಿಡೆನ್ಸಿ ನೋಡುವವರನ್ನೇ ಕೇಳಿ, ಅರ್ಹ ವೀಸಾಗಳ ಪಟ್ಟಿ ಅವರ ಹತ್ತಿರ ಇರುತ್ತದೆ.

ಸ್ಯಾನ್ ಹೋಸೆಯಿಂದ

ಕ್ಯಾಲಿಫೋರ್ನಿಯಾ ಕಡೆಯ ಲೆಕ್ಕ ಹೇಳುತ್ತೇನೆ. ಇಲ್ಲಿನ ಕಮ್ಯೂನಿಟಿ ಕಾಲೇಜಿನಲ್ಲಿ ರೆಸಿಡೆಂಟ್‌ಗೆ ಯೂನಿಟ್‌ಗೆ (ಕ್ರೆಡಿಟ್‌ಗೆ ಇಲ್ಲಿನ ಹೆಸರು) 46 ಡಾಲರ್. 5 ಯೂನಿಟ್‌ನ ಅನಾಟಮಿಗೆ 230 ಡಾಲರ್, ಮೇಲೆ ಚಿಲ್ಲರೆ ಫೀಸು. ಎಚ್‌4ನವರಿಗೂ ಈ ರೇಟು ಸಿಗುತ್ತದೆ, ಆದರೆ ಟರ್ಮ್ ಶುರುವಾಗುವ ಹೊತ್ತಿಗೆ ರಾಜ್ಯದಲ್ಲಿ ಒಂದು ವರ್ಷ ಒಂದು ದಿನ ಆಗಿರಬೇಕು. ಅದಕ್ಕೂ ಮೊದಲು ಹೊರರಾಜ್ಯದವರ ರೇಟು, ಹೆಚ್ಚಿನ ಕಡೆ ಯೂನಿಟ್‌ಗೆ ಇನ್ನೂ ಮುನ್ನೂರು ಡಾಲರ್‌ಗೂ ಮೇಲೆ. ಅಂದರೆ ಅದೇ ಅನಾಟಮಿಗೆ 1,700 ದಾಟುತ್ತದೆ. ಟೆಕ್ಸಾಸ್‌ನಲ್ಲಿ ರೆಸಿಡೆಂಟ್ ರೇಟ್ ಇರುವಾಗಲೇ ಎಷ್ಟಾಗುತ್ತದೋ ಅಷ್ಟು ಮುಗಿಸಿಕೊಂಡು ಬನ್ನಿ. ಬಂದ ದಿನವೇ ಲೈಸೆನ್ಸ್ ಬದಲಾಯಿಸಿ, ಲೀಸ್‌ನಲ್ಲಿ ನಿಮ್ಮ ಹೆಸರೂ ಇರಲಿ. ಆ ಒಂದು ವರ್ಷದ ಎಣಿಕೆಗೆ ಇವೇ ಆಧಾರ.

ಪಾಠ ಹಂಚುವ ರೀತಿಯೂ ಬೇರೆ. ಟೆಕ್ಸಾಸ್‌ನಲ್ಲಿ ಮೊದಲ ಸೆಮಿಸ್ಟರ್ ಅಂದರೆ ಜೀವಕೋಶ, ಚರ್ಮ, ಮೂಳೆ, ಸ್ನಾಯು, ನರ. ಎರಡನೆಯದರಲ್ಲಿ ಹಾರ್ಮೋನು, ರಕ್ತ, ಹೃದಯ, ಉಸಿರಾಟ, ಜೀರ್ಣಾಂಗ, ಮೂತ್ರಪಿಂಡ. ಇಲ್ಲಿ ಹೆಚ್ಚಿನ ಕಾಲೇಜುಗಳಲ್ಲಿ ಅನಾಟಮಿ ಬೇರೆ, ಫಿಸಿಯಾಲಜಿ ಬೇರೆ. ತಲೆಯಿಂದ ಕಾಲಿನವರೆಗೆ ರಚನೆ ಒಂದು ಸೆಮಿಸ್ಟರ್, ಕೆಲಸ ಮಾಡುವ ರೀತಿ ಇನ್ನೊಂದು ಸೆಮಿಸ್ಟರ್. ಟೆಕ್ಸಾಸ್‌ನ ಎರಡೂ ಭಾಗ ಮುಗಿಸಿದ್ದರೆ ಇಲ್ಲಿನ ಬಹುಪಾಲು ಪ್ರೋಗ್ರಾಂಗಳು ಜೋಡಿಯಾಗಿ ಒಪ್ಪುತ್ತವೆ. ಒಂದೇ ಭಾಗ ಮುಗಿಸಿ ಬಂದರೆ ಅತ್ತ ಅನಾಟಮಿಯೂ ಅರ್ಧ, ಇತ್ತ ಫಿಸಿಯಾಲಜಿಯೂ ಅರ್ಧ.

ಇಲ್ಲಿಗೆ ಬಂದ ಮೇಲೆ ಕಾಲೇಜಿನಿಂದ ಇಲ್ಲಿನ ಸರ್ಕಾರಿ ಯೂನಿವರ್ಸಿಟಿಗಳಾದ ಸಿಎಸ್‌ಯು, ಯುಸಿಗೆ ಯಾವ ಕೋರ್ಸ್ ಹೋಗುತ್ತದೆ ಅನ್ನೋದಕ್ಕೆ ಅಸಿಸ್ಟ್ ಡಾಟ್ ಆರ್ಗ್ ನೋಡಿ. ಹೊರರಾಜ್ಯದ ಕೋರ್ಸ್ ಅದರಲ್ಲಿ ಇರಲ್ಲ, ಅದಕ್ಕೆ ಪ್ರೋಗ್ರಾಂಗೇ ಬರೆಯಬೇಕು. ಆನ್‌ಲೈನ್ ಸೀಟು ಯಾವ ಕಾಲೇಜಿನಲ್ಲಿ ಖಾಲಿ ಇದೆ ಅನ್ನೋದನ್ನು ಕ್ಯಾಲಿಫೋರ್ನಿಯಾ ವರ್ಚುವಲ್ ಕ್ಯಾಂಪಸ್‌ನಲ್ಲಿ ಒಟ್ಟಿಗೆ ಹುಡುಕಬಹುದು.

ಷಿಕಾಗೋದಿಂದ

ಬಿಇ, ಪಿಯುಸಿ ಬಗ್ಗೆ ಮಾತ್ರ. ಪಿಯುಸಿ ಇಲ್ಲಿ ಹೈಸ್ಕೂಲ್ ಲೆಕ್ಕ. ಬಯಾಲಜಿಯಲ್ಲಿ ನೂರಕ್ಕೆ ನೂರು ಬಂದಿದ್ದರೂ ಕಾಲೇಜ್ ಕ್ರೆಡಿಟ್ ಆಗಲ್ಲ. ಬಿಇಯ ಎಂಜಿನಿಯರಿಂಗ್ ಕೆಮಿಸ್ಟ್ರಿ ವಿದೇಶಿ ಡಿಗ್ರಿಯ ಮೌಲ್ಯಮಾಪನದಲ್ಲಿ ಕ್ರೆಡಿಟ್ ಆಗಿ ಬರಬಹುದು, ಆದರೆ ಅದರಲ್ಲಿ ಇರೋದು ಬ್ಯಾಟರಿ, ತುಕ್ಕು, ಪಾಲಿಮರ್, ನೀರಿನ ಗಡಸುತನ. ಜನರಲ್ ಕೆಮಿಸ್ಟ್ರಿಗೆ ಸಮ ಅಂತ ಒಪ್ಪುವವರು ಕಡಿಮೆ. ಗಣಿತಕ್ಕೆ ಬೆಲೆ ಬರುತ್ತದೆ. ಡಿಗ್ರಿ ಇದೆ ಅನ್ನೋದಕ್ಕೂ ಬೆಲೆ ಇದೆ, ಯಾಕೆಂದರೆ ಎಬಿಎಸ್‌ಎನ್ (ಡಿಗ್ರಿ ಇದ್ದವರು ಬೇಗ ಮುಗಿಸುವ ನರ್ಸಿಂಗ್ ಬ್ಯಾಚುಲರ್ಸ್) ಮತ್ತು ಪಿಎ ಎರಡೂ ಮೊದಲ ಡಿಗ್ರಿ ಕೇಳುತ್ತವೆ. ವಿದೇಶದ ಪ್ರಿರಿಕ್ವಿಸಿಟ್ ಬೇಡವೇ ಬೇಡ ಅನ್ನುವ ಪಿಎ ಪ್ರೋಗ್ರಾಂಗಳು ಸಾಕಷ್ಟಿವೆ.

ಮೌಲ್ಯಮಾಪನ ಡಬ್ಲ್ಯುಇಎಸ್ ಅಥವಾ ಇಸಿಇ ಎಂಬ ಸಂಸ್ಥೆಯಲ್ಲಿ ಮಾಡಿಸಿ. ಯಾವುದು ಬೇಕು ಅನ್ನೋದನ್ನು ಪ್ರೋಗ್ರಾಂ ಹೇಳುತ್ತದೆ. ಅಗ್ಗ ಅಂತ ಡಿಗ್ರಿ ಮಾತ್ರ ತೋರಿಸುವ ವರದಿ ತಗೋಬೇಡಿ. ಪ್ರತಿ ಕೋರ್ಸಿನ ಕ್ರೆಡಿಟ್, ಗ್ರೇಡ್, ಜಿಪಿಎ ತೋರಿಸುವ ಕೋರ್ಸ್-ಬೈ-ಕೋರ್ಸ್ ವರದಿಯೇ ಬೇಕು. ಟ್ರಾನ್ಸ್‌ಕ್ರಿಪ್ಟ್ ಯೂನಿವರ್ಸಿಟಿಯಿಂದಲೇ ಹೋಗಬೇಕಾದ್ದರಿಂದ ಈಗಲೇ ವಿಟಿಯುಗೆ ಅರ್ಜಿ ಹಾಕಿ. ಅಪ್ಲಿಕೇಷನ್ ಕೊನೆಯ ತಾರೀಕಿಗೆ ತಿಂಗಳಿರುವಾಗ ಶುರು ಮಾಡಿದರೆ ಆಗಲ್ಲ.

ಇನ್ನೊಂದು ಯಾರೂ ಹೇಳಲ್ಲ: ಟೆಕ್ಸಾಸ್‌ನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಬ್ಯಾಚುಲರ್ಸ್ ಮಾಡಿದರೆ ಅಮೆರಿಕನ್ ಹಿಸ್ಟರಿ 6 ಕ್ರೆಡಿಟ್, ಗವರ್ನಮೆಂಟ್ 6 ಕ್ರೆಡಿಟ್ ರಾಜ್ಯದ ಕಾನೂನು. ನಮ್ಮ ಬಿಇಯಲ್ಲಿ ಓದಿದ ಭಾರತದ ಸಂವಿಧಾನ ಅದಕ್ಕೆ ಆಗಲ್ಲ.

ಅಟ್ಲಾಂಟಾದಿಂದ

ಆನ್‌ಲೈನ್ ಕೋರ್ಸ್‌ಗಳಲ್ಲಿ ಮೂರು ಬಗೆ. ಕಮ್ಯೂನಿಟಿ ಕಾಲೇಜಿನದೇ ಆನ್‌ಲೈನ್ ಸೆಕ್ಷನ್, ಇದು ಅಗ್ಗ. ಎರಡನೆಯದು ಮಾನ್ಯತೆ ಇರುವ ಖಾಸಗಿ ಕಾಲೇಜಿನ ಸೆಲ್ಫ್-ಪೇಸ್ಡ್ ಕೋರ್ಸ್. ಯೂನಿವರ್ಸಿಟಿ ಆಫ್ ನ್ಯೂ ಇಂಗ್ಲೆಂಡ್‌ನದು, ಪೋರ್ಟೇಜ್ ಲರ್ನಿಂಗ್‌ನದು ಈ ಬಗೆ. ಪೋರ್ಟೇಜ್‌ಗೆ ಟ್ರಾನ್ಸ್‌ಕ್ರಿಪ್ಟ್ ಬರೋದು ಜಿನೀವಾ ಕಾಲೇಜಿನಿಂದ. ಬೇಕಾದಾಗ ಶುರು ಮಾಡಬಹುದು, ದುಡ್ಡು ಜಾಸ್ತಿ. ಒಂದೇ ಕೋರ್ಸ್ ಬಾಕಿ ಉಳಿದು ಡೆಡ್‌ಲೈನ್ ಹತ್ತಿರ ಬಂದವರಿಗೆ ಸರಿ, ಎಲ್ಲ ಕೋರ್ಸ್ ಅಲ್ಲೇ ಮಾಡೋರಿಗಲ್ಲ. ಮೂರನೆಯದು ಸ್ಟ್ರೇಟರ್‌ಲೈನ್, ಸೋಫಿಯಾ, ಸ್ಟಡಿ ಡಾಟ್ ಕಾಮ್ ಥರದವು. ಇವು ಸ್ವತಃ ಕಾಲೇಜುಗಳಲ್ಲ. ಎಸಿಇ (ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್) ಶಿಫಾರಸು ಮಾಡಿದ ಕ್ರೆಡಿಟ್, ಒಪ್ಪೋದು ಬಿಡೋದು ಆಯಾ ಕಾಲೇಜಿನ ಇಷ್ಟ. ಲ್ಯಾಬ್ ಸೈನ್ಸ್‌ಗೆ ಇಲ್ಲಿ ದುಡ್ಡು ಹಾಕೋದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ, ನಿಮ್ಮ ಪ್ರೋಗ್ರಾಂ ಹೌದು ಅಂತ ಬರೆದುಕೊಟ್ಟಿದ್ದರೆ ಮಾತು ಬೇರೆ. ಇಂಗ್ಲಿಷ್, ಸೈಕಾಲಜಿ ಥರದ್ದಕ್ಕೆ ಕ್ಲೆಪ್ (ಪಾಸಾದರೆ ಕೋರ್ಸ್ ಓದದೆಯೇ ಕ್ರೆಡಿಟ್ ಸಿಗುವ) ಪರೀಕ್ಷೆ ಒಪ್ಪುವ ಕಾಲೇಜುಗಳಿವೆ. ಮಾಡರ್ನ್ ಸ್ಟೇಟ್ಸ್‌ನ ಉಚಿತ ಕೋರ್ಸ್ ಮುಗಿಸಿದರೆ ಪರೀಕ್ಷೆ ಫೀಸಿಗೆ ವೋಚರ್ ಸಿಗುತ್ತದೆ.

ಪ್ರೋಗ್ರಾಂಗೆ ಬರೆಯುವಾಗ "ಆನ್‌ಲೈನ್ ಒಪ್ಪುತ್ತೀರಾ" ಅಂತ ಕೇಳಿದರೆ "ಹೌದು" ಅಂತಾರೆ, ಆಮೇಲೆ ಲ್ಯಾಬ್‌ಗೆ ಬೇಡ ಅಂತಾರೆ. ಕಾಲೇಜಿನ ಹೆಸರು, ಕೋರ್ಸ್ ನಂಬರ್, ಕ್ರೆಡಿಟ್ ಸೆಮಿಸ್ಟರ್‌ದೋ ಕ್ವಾರ್ಟರ್‌ದೋ, ಪಾಠ ಹೇಗೆ, ಲ್ಯಾಬ್ ಹೇಗೆ, ಯಾವ ಟರ್ಮ್, ಅಪ್ಲೈ ಮಾಡೋದು ಯಾವ ವರ್ಷಕ್ಕೆ, ಇಷ್ಟೂ ಬರೆದು ಸಿಲಬಸ್ ಲಗತ್ತಿಸಿ. ಉತ್ತರ ಈಮೇಲ್‌ನಲ್ಲೇ ಬರಲಿ, ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರಲ್ಲ. ಕ್ವಾರ್ಟರ್ (ಸೆಮಿಸ್ಟರ್‌ಗಿಂತ ಚಿಕ್ಕ ಟರ್ಮ್) ವಿಷಯ ಯಾಕೆಂದರೆ 5 ಕ್ವಾರ್ಟರ್ ಕ್ರೆಡಿಟ್ ಅಂದರೆ 3.33 ಸೆಮಿಸ್ಟರ್ ಕ್ರೆಡಿಟ್ ಅಷ್ಟೇ, 4 ಕೇಳುವ ಕಡೆ ಕಮ್ಮಿ ಬೀಳುತ್ತದೆ.

ಫೀನಿಕ್ಸ್‌ನಿಂದ

ಪಿಎ ಆಸೆ ಇದ್ದರೆ ಒಂದು ಎಚ್ಚರಿಕೆ. ಸಿ ಬಂದ ಕೋರ್ಸ್ ಮತ್ತೆ ಓದಿ ಎ ತಗೊಂಡರೆ ಎಷ್ಟೋ ನರ್ಸಿಂಗ್ ಪ್ರೋಗ್ರಾಂಗಳು ಹೊಸದನ್ನು ಹಿಡಿಯುತ್ತವೆ. ಬಹುಪಾಲು ಪಿಎ ಅರ್ಜಿಗಳು ಹೋಗುವ ಕ್ಯಾಸ್ಪಾ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಎರಡೂ ಗ್ರೇಡ್ ಜಿಪಿಎಗೆ ಸೇರುತ್ತವೆ. ಆದ್ದರಿಂದ ಮೊದಲ ಸೆಮಿಸ್ಟರ್‌ಗೇ ಅನಾಟಮಿ, ಮೈಕ್ರೋ, ಕೆಮಿಸ್ಟ್ರಿ ಮೂರನ್ನೂ ತಲೆ ಮೇಲೆ ಹಾಕಿಕೊಳ್ಳಬೇಡಿ. ಒಂದು ಲ್ಯಾಬ್ ಸೈನ್ಸ್, ಜೊತೆಗೆ ಒಂದು ಥಿಯರಿ ಕೋರ್ಸ್. ಕೈ ಮೀರುತ್ತಿದೆ ಅನ್ನಿಸಿದರೆ ಡ್ರಾಪ್ ತಾರೀಕಿನ ಒಳಗೆ ಬಿಡಿ, ಡಿ ಬರೋದಕ್ಕಿಂತ ಡಬ್ಲ್ಯು (ಮಧ್ಯದಲ್ಲಿ ಬಿಟ್ಟ ಗುರುತು) ಮೇಲು. ಪಾಸ್-ಫೇಲ್ ಆಯ್ಕೆ ಬೇಡ, ಅಕ್ಷರದ ಗ್ರೇಡೇ ಇರಲಿ. ಸೈನ್ಸ್ ಕೋರ್ಸ್‌ಗಳಿಗೆ 5, 7 ಅಥವಾ 10 ವರ್ಷದ ಅವಧಿ ಇಡುವ ಪ್ರೋಗ್ರಾಂಗಳಿವೆ, ಅದನ್ನೂ ನೋಡಿಕೊಳ್ಳಿ.

ಪುಸ್ತಕಕ್ಕೆ ದುಡ್ಡು ಹಾಕುವ ಮುನ್ನ ಓಪನ್‌ಸ್ಟ್ಯಾಕ್ಸ್ ನೋಡಿ. ಅನಾಟಮಿ-ಫಿಸಿಯಾಲಜಿ, ಮೈಕ್ರೋ, ಕೆಮಿಸ್ಟ್ರಿ ಮೂರೂ ಉಚಿತ. ಅಕ್ಸೆಸ್ ಕೋಡ್ (ಆನ್‌ಲೈನ್ ಹೋಂವರ್ಕ್‌ಗೆ ದುಡ್ಡು ಕೊಟ್ಟು ಕೊಳ್ಳುವ ಕೋಡ್) ಕಡ್ಡಾಯವೇ ಅಂತ ಪ್ರೊಫೆಸರ್‌ಗೆ ಮೊದಲೇ ಬರೆದು ಕೇಳಿ. ಎಚ್‌4ನವರಿಗೆ ಫೆಡರಲ್ ಸಹಾಯಧನ ಇಲ್ಲ. ಗ್ರೀನ್ ಕಾರ್ಡ್ ಬಂದರೂ ಪೆಲ್ ಗ್ರಾಂಟ್ (ಮೊದಲ ಡಿಗ್ರಿ ಓದುವವರ ಸಹಾಯಧನ) ಸಿಗಲ್ಲ, ಭಾರತದ ಡಿಗ್ರಿಯೂ ಡಿಗ್ರಿಯೇ ಅಂತ ಲೆಕ್ಕ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಧನ್ಯವಾದ. ಹಾಗಾದರೆ 2401 ಈಗ ಶುರು ಮಾಡಲೋ, ಊರು ಬಿಡೋದು ಗ್ಯಾರಂಟಿ ಆಗುವವರೆಗೆ ಕಾಯಲೋ?

ಹೂಸ್ಟನ್‌ನಿಂದ

ಕೈಯಲ್ಲಿ ಪೂರ್ತಿ ಎರಡು ಟರ್ಮ್ ಇದೆ ಅನ್ನೋದು ಖಚಿತವಾದರೆ ಶುರು ಮಾಡಿ, ಎರಡನ್ನೂ ಒಂದೇ ಕಾಲೇಜಿನಲ್ಲಿ ಮುಗಿಸಿ. ಫಾಲ್‌ನಲ್ಲಿ 2401, ಸ್ಪ್ರಿಂಗ್‌ನಲ್ಲಿ 2402. ಸಮ್ಮರ್‌ನ ಐದು ವಾರದಲ್ಲಿ 2402 ಮಾಡೋದು ಕೊನೆಯ ದಾರಿ, ವಾರಕ್ಕೊಂದು ಪರೀಕ್ಷೆ ಇರುತ್ತದೆ. ಒಂದೇ ಟರ್ಮ್ ಸಿಗುವ ಹಾಗಿದ್ದರೆ 2401 ಮುಟ್ಟಬೇಡಿ. 1342, 2314 ಮತ್ತು ಕೆಮಿಸ್ಟ್ರಿ 1411 ತಗೊಳ್ಳಿ. ಮೊದಲೆರಡು ತಮ್ಮಷ್ಟಕ್ಕೆ ಪೂರ್ತಿ ಕೋರ್ಸ್, 1411 ಜೋಡಿಯ ಮೊದಲ ಭಾಗವಾದರೂ ಎರಡನೆಯದನ್ನು ಸಾಮಾನ್ಯವಾಗಿ ಬೇರೆ ಕಡೆ ಮುಂದುವರಿಸಬಹುದು, ಆದ್ದರಿಂದ ರಾಜ್ಯ ದಾಟಿದರೂ ಅರ್ಧಕ್ಕೆ ನಿಲ್ಲಲ್ಲ. 2401ಗೆ ಮೊದಲು ಬಯಾಲಜಿ 1406 ಬೇಕೇ ಅನ್ನೋದು ಕಾಲೇಜಿನಿಂದ ಕಾಲೇಜಿಗೆ ಬೇರೆ, ಕ್ಯಾಟಲಾಗ್ ನೋಡಿ. ಸಂಜೆ ಮತ್ತು ಶನಿವಾರದ ಲ್ಯಾಬ್ ಸೀಟು ಮೊದಲು ತುಂಬುತ್ತದೆ. ರಿಜಿಸ್ಟ್ರೇಷನ್ ತೆರೆದ ದಿನವೇ ಕೂತು ಮಾಡಿ, ಫೀಸು ಕಟ್ಟುವ ಗಡುವು ತಪ್ಪಿಸಬೇಡಿ. ತಪ್ಪಿದರೆ ಹೆಸರು ತಾನೇ ತೆಗೆದು ಹಾಕುತ್ತಾರೆ, ವೇಟ್‌ಲಿಸ್ಟ್‌ನಲ್ಲಿದ್ದವರು ಒಳಗೆ ಬರುತ್ತಾರೆ.